ಬಾರದ ಕಾಯಿಲೆ

ಹೆಣ ಎತ್ತುವ ಹೊತ್ತಿಗೆ ರಸ್ತೆಯ ಆಚೆ ಬದಿಯಲ್ಲಿ, ಬಾಗಿಲು ಹಾಕಿದ್ದ ಅಂಗಡಿಯೊಂದರ ನೆರಳಿನಲ್ಲಿ, ಕೆಲವು ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದರು. ಅಳುವಾಗಲೂ ಹಾಗೆ ಹಿಡಿಯುತ್ತಾರೆ, ಆದ್ದರಿಂದ ಮೊದಲು ನನಗೆ ಏನೂ ಅನ್ನಿಸಲಿಲ್ಲ. ಹತ್ತಿರ ಹೋದಾಗ ಮಾತು ಕೇಳಿಸಿತು.

"ಎದೆ ಕಾಯ್ಲೆ ಇತ್ತಲ್ಲವ್ವಾ. ಅದೇ ತಿಂದಾಕ್ತು."

"ಊಂ ಕಣೆ. ತೋಳಲ್ಲಿ ಎದ್ದಿತ್ತಂತೆ ಆವತ್ತೇ."

ಮಾತಾಡಿದ ಇಬ್ಬರೂ ಕೆಟ್ಟವರಲ್ಲ. ಇಬ್ಬರ ಮಕ್ಕಳೂ ಹುಟ್ಟಿದ ವಾರದಲ್ಲಿ, ಈಗ ತೀರಿಕೊಂಡ ಆಕೆಯ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡವು. ಸಾವಿನ ಮನೆಯ ಮುಂದೆ ಪಾಠ ಮಾಡಬಾರದು ಎಂದು ನಾನು ಸುಮ್ಮನಿದ್ದೆ. ಆದರೆ ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಆಕೆ ಸತ್ತದ್ದು ಹೃದಯ ನಿಂತು. ಬೆಳಿಗ್ಗೆ ಕಾಫಿಗೆ ಇಟ್ಟು, ಮೈಯೆಲ್ಲ ಬೆವೆತು, ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಎದೆ ಕಾಯಿಲೆ ಎಂದು ಊರು ಯಾವುದನ್ನು ಕರೆಯುತ್ತದೋ, ಆ ಕ್ಷಯ, ಆಕೆಗೆ ಬರಲಿಲ್ಲ. ಕೊನೆಯವರೆಗೂ ಬರಲಿಲ್ಲ. ನಾನು ಕಂಡದ್ದನ್ನು, ಕಂಡಷ್ಟನ್ನೇ, ಇಲ್ಲಿ ಬರೆದಿಡುತ್ತೇನೆ.

ಆಕೆಯ ತವರು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ. ಮದುವೆಯಾಗಿ ಬಂದದ್ದು ನಮ್ಮ ಅರಕೆರೆಗೆ. ಗಂಡ ಬೇಗ ಹೋದ. ಮಕ್ಕಳಿರಲಿಲ್ಲ. ನಾನು ಕೆ.ಆರ್.ಪೇಟೆಯಿಂದ ವರ್ಗವಾಗಿ ಇಲ್ಲಿನ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದಾಗ ಹಿಡಿದ ಬಾಡಿಗೆ ಮನೆಗೂ ಆಕೆಯ ಒಂಟಿ ಕೋಣೆಯ ಮನೆಗೂ ಹಿತ್ತಿಲು ಒಂದೇ. ನಡುವೆ ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ. ಬೇಲಿ ಇರಲಿಲ್ಲ. ಆಮೇಲೆ ಆ ಮನೆಯನ್ನೇ ಕೊಂಡೆವು. ಬೇಲಿ ಆಗಲೂ ಹಾಕಲಿಲ್ಲ.

ಹಸುಗೂಸುಗಳಿಗೆ ನೀರು ಹಾಕುವುದು ಆಕೆಯ ಕೆಲಸ. ಊರಲ್ಲಿ ಎಲ್ಲೇ ಹೆರಿಗೆಯಾಗಲಿ, ತೊಟ್ಟಿಲಿಗೆ ಮೊದಲು ಆಕೆಗೆ ಹೇಳಿ ಕಳಿಸುತ್ತಿದ್ದರು. "ನೀರಾಕೋ ಅವ್ವ" ಎಂದೇ ಎಲ್ಲರೂ ಕರೆಯುತ್ತಿದ್ದರು. ನಿಜವಾದ ಹೆಸರನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯ ಚೀಟಿಯಲ್ಲಿ. ಅದನ್ನು ಇಲ್ಲಿ ಬರೆಯುವುದಿಲ್ಲ.

ಬಚ್ಚಲಲ್ಲಿ ಮಣೆ ಹಾಕಿ ಕೂತು ಎರಡೂ ಕಾಲು ಚಾಚುವಳು. ಉದ್ದನೆಯ ಕಾಲು. ಎಷ್ಟೋ ಮಕ್ಕಳಿಗೆ ತಿಕ್ಕಿದ ಎಣ್ಣೆ ಕುಡಿದು ಮುಂಗಾಲು ತೇದ ಕಲ್ಲಿನ ಹಾಗೆ ನುಣುಪಾಗಿತ್ತು. ಬಿಸಿನೀರಿಗೆ ಮೊಣಕೈ ಅದ್ದಿ ಹದ ನೋಡುವಳು. ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಕೈಗಳನ್ನು ಎದೆಯ ಮೇಲೆ ಅಡ್ಡ ತಂದು, ಬೋರಲು ಹಾಕಿ, ಬೆನ್ನಿನ ಮೇಲೆ ಒಂದೇ ಧಾರೆಯಾಗಿ ನೀರು ಸುರಿಯುವಳು. ಅಷ್ಟು ಹೊತ್ತೂ ಬೈಗುಳ.

"ಅಳ್ಲಾ ಕಳ್ ನನ್ಮಗನೆ, ಅಳು! ಇಷ್ಟೇಯಾ ನಿನ್ ತ್ರಾಣ? ನಿಮ್ಮಪ್ಪ ಸಾಲೆಗೋಗುವಾಗ ಇನ್ನೂ ಜೋರಾಗ್ ಅಳೋನು ಕಣ್ಲಾ!"

ಹೆಣ್ಣುಮಗುವಾದರೂ 'ಕಣ್ಲಾ' ಎಂದೇ. ಯಾವ ಮಗುವನ್ನೂ ಚೆನ್ನಾಗಿದೆ ಎಂದವಳಲ್ಲ. "ಒಳ್ಳೆ ಮಂಗನ ಮರಿ ಅಂಗವ್ನೆ" ಎಂದರೆ ಬಾಣಂತಿಗೆ ಸಮಾಧಾನ, ದೃಷ್ಟಿ ತಾಗುವುದಿಲ್ಲವೆಂದು.

ಎಲ್ಲ ಮುಗಿದ ಮೇಲೆ, ಮೈ ಒರೆಸುವುದಕ್ಕೆ ಮುಂಚೆ, ಮಗುವಿನ ಮುಖದ ಮೇಲೆ ಬಗ್ಗಿ ಒಂದೊಂದು ಕಿವಿಗೂ, ಮೂಗಿನ ಒಂದೊಂದು ಹೊಳ್ಳೆಗೂ ಮೆಲ್ಲಗೆ ಊದುವಳು. ನೀರು ಉಳಿಯಬಾರದು ಎಂದು. ಊದಿದಾಗ ಮಗು ಅಳು ನಿಲ್ಲಿಸಿ, ಕಣ್ಣು ಬಿಟ್ಟು, ಯಾರಿದು ಎಂಬ ಹಾಗೆ ನೋಡುತ್ತಿತ್ತು. ಆಕೆಗೂ ಮಗುವಿಗೂ ಪರಿಚಯವಾಗುತ್ತಿದ್ದುದು ಆ ಗಳಿಗೆಯಲ್ಲಿ. ಆಶಾ ಕಾರ್ಯಕರ್ತೆ ಅದಕ್ಕೆ ಜಗಳ ಆಡುತ್ತಿದ್ದಳು. ಮೂಗಿಗೆ ಎಣ್ಣೆ ಬಿಡಬಾರದು, ಊದಬಾರದು ಎಂದು ಹೇಳಿ ಹೇಳಿ ಸೋತಿದ್ದಳು. ನೀರಾಕೋ ಅವ್ವ ಎಣ್ಣೆ ಬಿಡುವುದನ್ನು ನಿಲ್ಲಿಸಿದಳು. ಊದುವುದನ್ನು ನಿಲ್ಲಿಸಲಿಲ್ಲ.

"ಎಣ್ಣೆ ಅಂಗ್ಡೀದು, ಬ್ಯಾಡ ಅಂದ್ರೆ ಬುಡಾನ. ಇದು ನನ್ ಉಸ್ರು ಕಣವ್ವ. ಇದ್ರಲ್ಲೇನದೆ?"

ನನ್ನ ಮಗಳು ಹುಟ್ಟಿದಾಗ ಆಕೆಯೇ ನೀರು ಹಾಕಿದ್ದು. ನಾನು ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಕೇಳಿ ಕಲಿತ ತಾಯಿತನಕ್ಕೂ ಆಕೆಯ ಕಾಲ ಮೇಲಿನದಕ್ಕೂ ಹೋಲಿಕೆಯಿರಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು, ಲೋಟ ತುಂಬ ಕಾಫಿ ಕುಡಿದು, ಹೋಗುವಾಗ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತು ಒಂದೇ: "ನಿಮ್ ನಾಲೆ ಸೀಮೆಯೋರು ಪುಣ್ಯವಂತ್ರು ಮೇಷ್ಟ್ರಮ್ಮ. ನಮ್ಮೂರಲ್ಲಿ ಒಂದ್ ಕೊಡ ನೀರಲ್ಲಿ ಮಗ, ಬಾಣಂತಿ ಇಬ್ರೂ ಮುಗುದೋಗ್ಬೇಕು."

ಕರೋನಾ ಕಳೆದ ಮೇಲಿನ ಒಂದು ಚಳಿಗಾಲದಲ್ಲಿ ಆಕೆಯ ತಮ್ಮ ಬಿಂಡಿಗನವಿಲೆಯಿಂದ ಬಂದ. ಕುರಿ ಮೇಯಿಸಿಕೊಂಡಿದ್ದವನು. ಹೆಂಡತಿ ತೀರಿಕೊಂಡಿದ್ದಳು. ಬರುವಾಗಲೇ ಕೆಮ್ಮು. ಬೀಡಿ ಕೆಮ್ಮು ಎಂದ. ಆಕೆ ಅವನಿಗೆ ಕಷಾಯ ಕಾಸಿದಳು. ಚಳಿ ತಾಗದಿರಲೆಂದು ಕಿಟಕಿಗೆ ಗೋಣಿ ಬಿಗಿದಳು. ಅದೇ ಕೋಣೆಯಲ್ಲಿ ಅವನ ಪಕ್ಕ ಮಲಗಿದಳು. ಅವನ ಕೆಮ್ಮು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಕುತ್ತಿಗೆಯ ಮೂಳೆ ಕಾಣುವಷ್ಟು ಇಳಿದ ಮೇಲೆ ನಾನೇ ಬಲವಂತ ಮಾಡಿ ಇಬ್ಬರನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವನ ಕಫದಲ್ಲಿ ಕ್ಷಯ ಸಿಕ್ಕಿತು. ಅವತ್ತೇ ಮಾತ್ರೆ ಶುರುವಾಯಿತು. ಜೊತೆಯಲ್ಲಿ ಮಲಗುತ್ತಿದ್ದವಳು ಎಂದು ಆಕೆಗೆ ಚರ್ಮದ ಪರೀಕ್ಷೆ ಮಾಡಿದರು.

ಮುಂಗೈಯ ಒಳಮಗ್ಗುಲಲ್ಲಿ ಸಣ್ಣ ಸೂಜಿಯಿಂದ ಚರ್ಮದ ಕೆಳಗೇ ಒಂದು ಹನಿ ಮದ್ದು. ಸೊಳ್ಳೆ ಕಡಿದಷ್ಟು ಗುಳ್ಳೆ ಎದ್ದು ಇಳಿಯಿತು. ಎರಡು ದಿನ ಬಿಟ್ಟು ಬನ್ನಿ, ಉಜ್ಜಬೇಡಿ, ಏನೂ ಹಚ್ಚಬೇಡಿ ಎಂದರು. ಆ ಎರಡು ದಿನ ಆಕೆ ಆ ಕೈಯನ್ನು ಬೇರೆಯವರ ಸಾಮಾನಿನ ಹಾಗೆ ಎತ್ತಿ ಹಿಡಿದುಕೊಂಡು ಓಡಾಡಿದಳು. ಎದುರು ಮನೆಯವಳು ಸುಣ್ಣ ಅರಿಶಿನ ಕಲಸಿ ತಂದಳು.

"ಒಂದೀಟು ಹಚ್ಕೊಳಕ್ಕಾ, ಊತ ಇಳೀತದೆ."

"ಬ್ಯಾಡ ಕಣೆ. ಇಳ್ಸುದ್ರೆ ಸುಳ್ ಯೋಳ್ದಂಗಾಯ್ತದೆ."

ತಿರುಗಿ ಹೋದಾಗ ಡಾಕ್ಟರಮ್ಮ, ಸಣ್ಣ ವಯಸ್ಸಿನವರು, ಬೆರಳಿನಿಂದ ಸವರಿ ಗಟ್ಟಿಯಾದ ಉಬ್ಬಿನ ಅಂಚು ಹುಡುಕಿದರು. ಸುತ್ತಲಿನ ಕೆಂಪು ಲೆಕ್ಕಕ್ಕಿಲ್ಲ, ಗಟ್ಟಿಯಾದದ್ದು ಮಾತ್ರ ಲೆಕ್ಕ ಎಂದು ನನಗೆ ವಿವರಿಸುತ್ತ ಸ್ಕೇಲಿಟ್ಟು ಅಳೆದರು.

"ಪಾಸಿಟಿವ್ ಇದೆ ಅಮ್ಮ," ಎಂದರು.

ಆಕೆ ತಕ್ಷಣ ಎದ್ದು ಗೋಡೆಯ ಕಡೆಗೆ ಹೋಗಿ ನಿಂತಳು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಆ ಒಂದು ಪದವನ್ನು ನಮ್ಮೂರು ಕಲಿತದ್ದು ಕರೋನಾ ಕಾಲದಲ್ಲಿ. ಪಾಸಿಟಿವ್ ಎಂದರೆ ಬಾಗಿಲಿಗೆ ಅಡ್ಡ ಕಟ್ಟುವುದು. ಪಾಸಿಟಿವ್ ಎಂದರೆ ಊಟದ ತಟ್ಟೆಯನ್ನು ಹೊಸಿಲಿನಾಚೆ ಇಟ್ಟು ಓಡುವುದು.

ಡಾಕ್ಟರಮ್ಮ ಸಹನೆಯಿಂದ ಹೇಳಿದರು. ಎಕ್ಸರೇ ಶುದ್ಧವಾಗಿದೆ. ಕೆಮ್ಮಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ. ಕ್ಷಯದ ಕ್ರಿಮಿ ಯಾವತ್ತೋ ದೇಹದೊಳಕ್ಕೆ ಹೋಗಿದೆ, ದೇಹ ಅದನ್ನು ಗುರುತು ಹಿಡಿದು ಮೂಲೆಗೆ ಕೂರಿಸಿದೆ. ಕೈಯಲ್ಲಿ ಉಬ್ಬಿದ್ದು ಆ ಗುರುತು, ಕಾಯಿಲೆಯಲ್ಲ. ನಿಮ್ಮಿಂದ ಯಾರಿಗೂ ಹರಡುವುದಿಲ್ಲ. ಮುಂದೆ ಎದ್ದೇಳದ ಹಾಗೆ ಕೆಲವು ತಿಂಗಳು ಮಾತ್ರೆ ಕೊಡುತ್ತೇವೆ. ಎಂದಾದರೂ ಕೆಮ್ಮು ನಿಲ್ಲದಿದ್ದರೆ, ಸಂಜೆ ಜ್ವರ ಬಂದರೆ, ಇಳಿದುಹೋದರೆ ಬನ್ನಿ.

ಆಕೆ ಗೋಡೆಯ ಹತ್ತಿರದಿಂದಲೇ ಕೇಳಿದಳು. "ಯಾವತ್ತೂ ಏಳಕಿಲ್ಲ ಅಂತ ಆಣೆ ಮಾಡಿ ಯೋಳಿ ತಾಯಿ."

ಡಾಕ್ಟರಮ್ಮ ಪ್ರಾಮಾಣಿಕರು. "ಹೆಚ್ಚು ಜನಕ್ಕೆ ಏಳುವುದೇ ಇಲ್ಲ. ಮಾತ್ರೆ ತಗೊಂಡರೆ ಇನ್ನೂ ಕಡಿಮೆ. ಆದರೆ ಆಣೆ ಹೇಗಮ್ಮ ಮಾಡಲಿ?" ಎಂದರು.

ಆಕೆ ತಲೆ ಆಡಿಸಿದಳು. ಅಷ್ಟು ಹೊತ್ತು ಹೇಳಿದ್ದರಲ್ಲಿ ಆಕೆ ಮನೆಗೆ ತಂದದ್ದು ಅದೊಂದನ್ನೇ, ಮಾಡದೇ ಇದ್ದ ಆಣೆಯನ್ನು.

ಮಾರನೆಯ ದಿನ ಬೆಳಿಗ್ಗೆ ಆಕೆ ಮಾಡಿದ ಕೆಲಸವನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಗ ಆಕೆ ನಮ್ಮ ಬೀದಿಯಲ್ಲೇ ಮೂರು ಮನೆಗಳಲ್ಲಿ ನೀರು ಹಾಕುತ್ತಿದ್ದಳು. ಮೂರು ಮನೆಗೂ ಹೋದಳು. ಒಳಗೆ ಕಾಲಿಡದೆ, ಜಗಲಿಯ ಕೆಳಗೆ ನಿಂತು, ಸೆರಗು ಬಾಯಿಗೆ ಮುಚ್ಚಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಂಗೆ ಪಾಜಿಟೀವ್ ಬಂದದೆ ಕಣ್ರವ್ವಾ. ನಾಳೀಕಿಂದ ಬೇರೆ ಯಾರ್ನಾದ್ರೂ ನೋಡ್ಕಳಿ. ಮಗೀಗೆ ಏನಾರಾ ಕೆಮ್ಮು ಬಂದ್ರೆ ನನ್ ಎಸ್ರು ಯೋಳಿ ಆಸ್ಪತ್ರೆಗೆ ಕರ್ಕೊಂಡೋಗಿ."

ಊರಿಗೆ ಗೊತ್ತಾದದ್ದು ಹಾಗೆ. ಆಕೆಯನ್ನು ಯಾರೂ ಹೊರಗಿಡಲಿಲ್ಲ. ಆಕೆಯೇ ಹೊರಗೆ ನಿಂತು, ಇಲ್ಲಿ ನಿಂತಿದ್ದೇನೆ ನೋಡಿ ಎಂದಳು. ಒಮ್ಮೆ ತೋರಿಸಿದ ಮೇಲೆ ಊರು ನೋಡದೆ ಇರುತ್ತದೆಯೇ?

ಆ ಮಕ್ಕಳ ಮೈಯಲ್ಲಿ ಏನೂ ಆಗಿಲ್ಲವೆಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ನೋಡಿ ಬಂದಳು. ನಾನೂ ಹೋದೆ. ನನಗೆ ಗೊತ್ತಿದ್ದ ರೀತಿಯಲ್ಲಿ ನೀರಾಕೋ ಅವ್ವನಿಗೂ ವಿವರಿಸಿದೆ. ತರಗತಿಯಲ್ಲಿ ಮಕ್ಕಳಿಗೆ ಹೇಳುವ ಹಾಗೆ, ಬೀಜ ಮಣ್ಣಿನೊಳಗೆ ಮಲಗಿದೆ, ಮೊಳೆತಿಲ್ಲ, ಮೊಳೆಯದ ಬೀಜದಿಂದ ಹೂವೂ ಇಲ್ಲ ಕಾಯೂ ಇಲ್ಲ ಎಂದೆ. ಆಕೆ ಕೇಳಿಸಿಕೊಂಡು, ಕಣ್ಣಿನಲ್ಲೇ ನಕ್ಕಳು.

"ಬೀಜ ಅದೆ ಅಂತ ಆಯ್ತಲ್ಲ ಮೇಷ್ಟ್ರಮ್ಮ. ನೀರಾಕೋಳ್ ತಾವೇ ಬಂದು ಮೊಳ್ತಿಲ್ಲ ಅಂತೀರಲ್ಲ!"

ನಾನು ಆಮೇಲೆ ಆ ಹೋಲಿಕೆಯನ್ನು ತರಗತಿಯಲ್ಲೂ ಬಳಸಲಿಲ್ಲ.

ಹಾಗಾದರೆ ಊದದೆ ಹಾಕು, ಹೇಗೂ ಊದಬಾರದು ತಾನೆ ಎಂದೆ. ಆಕೆ ಕೈ ಚಾಚಿ ಇಲ್ಲದ ಮಗುವೊಂದನ್ನು ಕಾಲ ಮೇಲೆ ಇಟ್ಟುಕೊಂಡು ತೋರಿಸಿದಳು. "ಮಕ ನೋಡ್ದೆ ಎಂಗಾಕ್ಲಿ? ಬಗ್ಗುದ್ರೆ ಉಸ್ರು ಬೀಳ್ತದೆ. ಬಗ್ದೇ ಇದ್ರೆ ನೀರು ಮೂಗಿಗೋಯ್ತದೆ."

ಮಾತ್ರೆಯನ್ನು ತಪ್ಪದೆ ತೆಗೆದುಕೊಂಡಳು. ಮಾತ್ರೆ ತೆಗೆದುಕೊಂಡ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ಬರೀ ಮಾತ್ರೆಯ ಬಣ್ಣ, ಹೆದರಬೇಡಿ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ಆಕೆ ಹೆದರಲಿಲ್ಲ, ಸಂತೋಷಪಟ್ಟಳು. "ಕೆಂಪುಗ್ ಬತ್ತಾ ಅದೆ ಮೇಷ್ಟ್ರಮ್ಮ, ಎಲ್ಲಾ ಆಚಿಕ್ ಬತ್ತಾ ಅದೆ!" ಎಂದು ಹಿತ್ತಿಲಿಂದ ಕೂಗಿ ಹೇಳಿದಳು. ಆ ತಿಂಗಳುಗಳಲ್ಲಿ ಆಕೆ ಲವಲವಿಕೆಯಿಂದ ಇದ್ದಳು. ಬೇರೆ ಲೋಟ, ಬೇರೆ ಚಾಪೆ ಇಟ್ಟುಕೊಂಡಿದ್ದಳು ನಿಜ. ನಮ್ಮ ಮನೆಗೆ ಬಂದರೆ ಸೊಂಟದಿಂದ ತನ್ನದೇ ಸ್ಟೀಲು ಲೋಟ ತೆಗೆದು ನೆಲದ ಮೇಲೆ ಇಡುವಳು, ನಾನು ಮೇಲಿನಿಂದ ಕಾಫಿ ಸುರಿಯಬೇಕು. ಆದರೆ ಅದೆಲ್ಲ ಸ್ವಲ್ಪ ದಿನದ ಮಾತು ಎಂಬ ಹಾಗೆ ಇದ್ದಳು.

ಯಾಕೆಂದು ಗೊತ್ತಾದದ್ದು ಮಾತ್ರೆ ಮುಗಿದ ಮೇಲೆ. ಕರೋನಾದಲ್ಲಿ ಪಾಸಿಟಿವ್ ಬಂದವರಿಗೆ ಕೊನೆಗೆ ನೆಗೆಟಿವ್ ಎಂದು ಬರುತ್ತಿತ್ತಲ್ಲ, ಆಗ ಬಾಗಿಲು ತೆರೆಯುತ್ತಿದ್ದರಲ್ಲ, ಆಕೆ ಅದಕ್ಕಾಗಿ ಕಾಯುತ್ತಿದ್ದಳು. ಆಸ್ಪತ್ರೆಯಲ್ಲಿ ಕೇಳಿದಳು. ಮತ್ತೆ ಪರೀಕ್ಷೆ ಬೇಡ, ಅದರಿಂದ ಏನೂ ತಿಳಿಯುವುದಿಲ್ಲ ಎಂದರು. ಆಕೆ ನನಗೂ ಹೇಳದೆ, ಪಾಂಡವಪುರದಲ್ಲಿ ನೆಂಟರ ಮನೆಗೆ ಎಂದು ಬಸ್ಸು ಹತ್ತಿ, ಎಲ್ಲೋ ಒಂದು ಲ್ಯಾಬಿನಲ್ಲಿ ಅದೇ ಚರ್ಮದ ಸೂಜಿಯನ್ನು ಮತ್ತೆ ಹಾಕಿಸಿಕೊಂಡು ಬಂದಳು. ಈ ಸಲ ಇನ್ನೊಂದು ಕೈಗೆ. ಮೂರನೆಯ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ನಾನು ಹಾಲು ತೆಗೆದುಕೊಳ್ಳಲು ಹೊರಗೆ ಬಂದಾಗ ಕೈ ಮುಂದೆ ಮಾಡಿದಳು. ಉಬ್ಬಿತ್ತು. ಮೊದಲಿಗಿಂತ ದೊಡ್ಡದಾಗಿ ಉಬ್ಬಿತ್ತು.

"ಈ ಕೈಗೂ ಬಂದದೆ," ಎಂದಳು.

ನಾನು ಅವತ್ತೇ ರಜೆ ಹಾಕಿ ಕರೆದುಕೊಂಡು ಹೋದೆ. ಡಾಕ್ಟರಮ್ಮ ತಲೆಗೆ ಕೈ ಕೊಟ್ಟು ಕೂತರು. ಒಂದು ಸಲ ದೇಹ ಗುರುತು ಹಿಡಿದರೆ ಸಾಮಾನ್ಯವಾಗಿ ಜೀವನವಿಡೀ ಅದೇ ಉತ್ತರ ಬರುತ್ತದೆ, ಮಾತ್ರೆ ಕೆಲಸ ಮಾಡಿದೆಯೋ ಇಲ್ಲವೋ ಎಂದು ಈ ಪರೀಕ್ಷೆ ಹೇಳುವುದಿಲ್ಲ, ಅದಕ್ಕೇ ಬೇಡವೆಂದದ್ದು ಎಂದರು. ಎಕ್ಸರೇ ಮತ್ತೆ ತೆಗೆಸಿದರು. ಶುದ್ಧವಾಗಿತ್ತು. ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಆಕೆ ಅದರತ್ತ ಒಮ್ಮೆ ನೋಡಿ, ಉಬ್ಬಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಗಾಳಿ ಎದುರಿಗೆ ಬಡಿಯುತ್ತಿದ್ದರೂ ಮುಖವನ್ನು ಹೊರಗೇ ಇಟ್ಟುಕೊಂಡಿದ್ದಳು. ಮುಂದಿನ ಸೀಟಿನಲ್ಲಿ ಒಬ್ಬಳ ಹೆಗಲ ಮೇಲೆ ಕೂಸೊಂದು ಮಲಗಿತ್ತು.

ಅಷ್ಟು ಹೊತ್ತಿಗೆ ತಮ್ಮ ವಾಸಿಯಾಗಿದ್ದ. ಆರು ತಿಂಗಳ ಮಾತ್ರೆ ಮುಗಿಸಿ, ಕೆನ್ನೆ ತುಂಬಿ, ಟೀ ಅಂಗಡಿಯ ಬೆಂಚಿನ ಮೇಲೆ ಎಲ್ಲರ ನಡುವೆ ಕೂತು ಎಲ್ಲರ ಹಾಗೆ ಅದೇ ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಿದ್ದ. ಊರು ಅವನನ್ನು ಗೆದ್ದು ಬಂದವನ ಹಾಗೆ ನೋಡುತ್ತಿತ್ತು. "ಯಮನ್ ಮನೆ ಬಾಗ್ಲು ಬಡ್ದು ಬಂದ್ಬುಟ್ಯಲ್ಲೋ!" ಎಂದು ಬೆನ್ನು ತಟ್ಟುತ್ತಿದ್ದರು. ಅವನು ನಗುತ್ತಿದ್ದ, ಆದರೆ ಮನೆಗೆ ಬಂದರೆ ನಗುತ್ತಿರಲಿಲ್ಲ. ಒಂದು ಸಂಜೆ ಹಿತ್ತಿಲಲ್ಲಿ ಅಕ್ಕತಮ್ಮ ಮಾತಾಡಿದ್ದು ನನಗೆ ಕೇಳಿಸಿತು.

"ಕಾಯ್ಲೆ ನಂದು, ವನವಾಸ ನಿಂದು. ಯಾವ್ ನ್ಯಾಯ ಅಕ್ಕಾ ಇದು? ನಂಗೇ ವಾಸಿಯಾಗದೆ ಅಂದ್ಮೇಲೆ ನಿಂಗೇನಾಗದೆ?"

"ನಿಂದು ಬಂತು, ಓಯ್ತು ಕಣ್ಲಾ. ನಂದು ಬಂದೇ ಇಲ್ವಲ್ಲ. ಬರ್ದೇ ಇರೋದು ಓಗೋದೆಲ್ಲಿಂದ?"

ಬಿಂಡಿಗನವಿಲೆಗೆ ಬಂದುಬಿಡು, ಅಲ್ಲಿ ಯಾರಿಗೂ ಗೊತ್ತಿಲ್ಲ ಎಂದ. "ನಂಗ್ ಗೊತ್ತಲ್ಲ" ಎಂದಳು. ಸ್ವಲ್ಪ ದಿನಕ್ಕೆ ಅವನೊಬ್ಬನೇ ಕುರಿಗಳ ಕಡೆಗೆ ಹೋದ. ಆಕೆ ಕಿಟಕಿಯ ಗೋಣಿ ಬಿಚ್ಚಿ, ಆ ಕೋಣೆಯನ್ನು ತೊಳೆದು, ಅದರಲ್ಲಿ ಒಬ್ಬಳೇ ಉಳಿದಳು.

ಕರೆಯಲು ಬಂದವರು ಇಲ್ಲವೆಂದಲ್ಲ. ಶ್ರೀರಂಗಪಟ್ಟಣದಿಂದ ಒಬ್ಬ ದರ್ಜಿಯ ಹೆಂಡತಿ, ಮುಸ್ಲಿಂ ಹೆಣ್ಣುಮಗಳು, ಎರಡನೆಯ ಹೆರಿಗೆಯಾಗಿ ಆಟೋದಲ್ಲಿ ಅತ್ತೆಯನ್ನು ಕಳಿಸಿದ್ದಳು. ಮೊದಲ ಮಗುವಿಗೆ ನೀರಾಕೋ ಅವ್ವನೇ ದಿನವೂ ಬಸ್ಸಿನಲ್ಲಿ ಹೋಗಿ ನೀರು ಹಾಕಿದ್ದಳು.

"ಅರೇ ಬೂಬಮ್ಮ, ಅಲ್ಲೇ ನಿಂತ್ಕಳಿ," ಎಂದು ಆಕೆ ಬಾಗಿಲೊಳಗಿಂದ ಕೂಗಿದಳು.

"ಯಾಕಜ್ಜೀ? ನಮಗೆ ಎಲ್ಲಾ ಮಾಲೂಮ್ ಐತೆ. ಡಾಕ್ಟರ್ಗೂ ಕೇಳ್ಕೊಂಡೇ ಬಂದೀವಿ. ಕುಛ್ ನಹೀಂ, ಏನೂ ಇಲ್ಲ ಅಂದ್ರು. ನಮ್ ದೊಡ್ಡೋನ್ಗೆ ನೀವು ನೀರ್ ಹಾಕಿದ್ದಕ್ಕೆ ಪೈಲ್ವಾನ್ ಆಗವ್ನೆ. ಚಿಕ್ಕೋನ್ಗೆ ಯಾರಜ್ಜೀ ಹಾಕ್ಬೇಕು?"

"ನೀವೇ ಆಕಿ ತಾಯಿ. ನಂಗೆ ಕೈ ನಡುಗ್ತದೆ ಈಗ."

ಕೈ ನಡುಗುತ್ತಿರಲಿಲ್ಲ. ಆ ಹೆಂಗಸು ತುಂಬ ಹೊತ್ತು ನುಗ್ಗೆಮರದ ಕೆಳಗೆ ನಿಂತಿದ್ದು, ತಂದಿದ್ದ ಬಾಳೆಹಣ್ಣನ್ನು ಕಲ್ಲಿನ ಮೇಲೆ ಇಟ್ಟು ಹೋದಳು. ಆಟೋ ತಿರುಗಿದ ಮೇಲೆ ಆಕೆ ಹೊರಗೆ ಬಂದು ಹಣ್ಣನ್ನು ತೆಗೆದುಕೊಂಡಳು. ನನ್ನ ಕಡೆ ನೋಡಲಿಲ್ಲ.

ಮರುವರ್ಷ ಮೈಸೂರಿನಲ್ಲಿದ್ದ ನನ್ನ ಮಗಳು ಹೆರಿಗೆಗೆ ನಮ್ಮ ಮನೆಗೆ ಬಂದಳು. ಹೆಣ್ಣುಮಗು. ಆಸ್ಪತ್ರೆಯಿಂದ ಬಂದ ಮೇಲೆ ಮಗಳು ಹಟ ಹಿಡಿದಳು: "ನನಗೆ ಹಾಕಿದವರೇ ಇವಳಿಗೂ ಹಾಕಬೇಕು." ನಾನು ಕೇಳಿದೆ. ಮಗಳೂ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳಿದಳು. ಡಾಕ್ಟರಮ್ಮನಿಗೆ ಫೋನು ಮಾಡಿ ಅವರ ಬಾಯಿಂದಲೇ ಹೇಳಿಸಿದೆವು. ಆಕೆ ಫೋನನ್ನು ಕಿವಿಯಿಂದ ದೂರ ಹಿಡಿದು, ಊಂ ಊಂ ಎಂದು ಎಲ್ಲವನ್ನೂ ಕೇಳಿ, ಫೋನನ್ನು ಸೆರಗಿನಿಂದ ಒರೆಸಿ ಕೊಟ್ಟಳು.

"ನೀವ್ ಆಕಿ. ನಾನ್ ಯೋಳ್ಕೊಡ್ತೀನಿ."

ಹಾಗೆ ಶುರುವಾಯಿತು. ಬಚ್ಚಲು ಬಿಟ್ಟು ಹಿತ್ತಿಲ ಬಿಸಿಲಲ್ಲಿ ನಾನು ಮಣೆ ಹಾಕಿ ಕೂತೆ. ಆಕೆ ಅಷ್ಟು ದೂರದಲ್ಲಿ, ತನ್ನ ಹೊಸಿಲ ಮೇಲೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನುಗ್ಗೆ ಎಲೆ ನೋಡಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಳು. ನನ್ನ ಕಾಲು ಗಿಡ್ಡ. ಮಗು ಜಾರುತ್ತಿತ್ತು. ನನಗೆ ಅಳು ಬರುತ್ತಿತ್ತು.

"ಕಾಲ್ ಜೋಡ್ಸಿ ಮೇಷ್ಟ್ರಮ್ಮ, ಅದೇನ್ ಎತ್ತಿನಗಾಡಿ ಮೂಕಿನಾ ಅಂಗ್ ಅಗಲಿಸ್ಕಂಡಿದೀರಿ? ಆಂ, ಅಂಗೆ. ಕತ್ತ್ ಇಡ್ಕಳಿ. ಇಡೀ ಊರ್ ಮಕ್ಳಿಗೆ ಪಾಠ ಯೋಳ್ತೀರಿ, ಒಂದ್ ಮಗೀಗೆ ಎದ್ರುಕತೀರಲ್ಲ! ಬೋರ್ಲಾಕಿ. ಈಗ ಬೆನ್ನು. ಮೇಲಿಂದ ಕೆಳಿಕೆ, ನಿಧಾನುಕ್ಕೆ, ಬೆನ್ನು ಗಟ್ಟಿ ಬರ್ಬೇಕು."

ಬೈಗುಳವನ್ನೂ ಆಕೆಯೇ ಅಲ್ಲಿಂದ ಬೈಯುತ್ತಿದ್ದಳು, ನನಗೆ ಬಾಯಿ ಬರುತ್ತಿರಲಿಲ್ಲವಲ್ಲ. "ಅಳ್ಲಾ ಕತ್ತೆ, ಅಳು! ನಿಮ್ಮಜ್ಜಿಗೆ ಬರಕಿಲ್ಲ, ತಡ್ಕೊ ಒಂದೀಟು!" ಮಗು ಆ ದನಿ ಬಂದ ಕಡೆಗೆ ಕತ್ತು ಹೊರಳಿಸಲು ಕಲಿತದ್ದು ಎಷ್ಟನೆಯ ವಾರವೋ ನೆನಪಿಲ್ಲ. ಕೊನೆಗೆ, ಎಲ್ಲ ಮುಗಿದು ನಾನು ಟವೆಲ್ ತೆಗೆದುಕೊಳ್ಳುವ ಮುಂಚೆ, ಆಕೆ ಸುಮ್ಮನಾಗುತ್ತಿದ್ದಳು. ಊದುವ ಗಳಿಗೆ ಅದು. ನಾನು ಊದುತ್ತಿರಲಿಲ್ಲ, ಬಟ್ಟೆಯ ಅಂಚಿನಿಂದ ಕಿವಿ ಒರೆಸುತ್ತಿದ್ದೆ. ತಲೆ ಎತ್ತಿ ನೋಡಿದರೆ ಆಕೆ ಬಾಗಿಲ ಕಡೆಗೆ ತಿರುಗಿ ಒಳಗೆ ಹೋಗುತ್ತಿರುತ್ತಿದ್ದಳು.

ಮಗುವನ್ನು ಆಕೆ ಒಮ್ಮೆಯೂ ಮುಟ್ಟಲಿಲ್ಲ. ಹೆಸರಿಡುವ ದಿನ ಬರಲಿಲ್ಲ. ಮಗು ತೆವಳಿದಾಗ ತನ್ನ ಬಾಗಿಲಿಗೆ ಅಡ್ಡ ಹಲಗೆ ಇಟ್ಟಳು. ಮಗಳು ಮೈಸೂರಿಗೆ ಹಿಂತಿರುಗಿದ ಮೇಲೆ ನಾನು ಒಂದು ಸಲ ಬೇಸರದಿಂದ, ಸ್ವಲ್ಪ ಒರಟಾಗಿಯೇ, ಇನ್ನು ಎಷ್ಟು ದಿನ ಹೀಗೆ ಎಂದು ಕೇಳಿದೆ. ಆಕೆಗೆ ಸಿಟ್ಟು ಬರಲಿಲ್ಲ. "ಒಂದ್ ಮಗೀಗೆ ಆದ್ರೂ ಸಾಕಲ್ವಾ ಮೇಷ್ಟ್ರಮ್ಮ, ಇಷ್ಟ್ ಮಕ್ಳಿಗೆ ಆಕಿದ್ ನೀರೆಲ್ಲ ಮಣ್ಣುಪಾಲಾಗೋಕೆ?" ಎಂದಳು. ಅದರ ಮೇಲೆ ನಾನು ಮತ್ತೆ ಕೇಳಲಿಲ್ಲ. ಅದು ತಪ್ಪು ತಿಳುವಳಿಕೆ ಎಂದು ನನಗೆ ಗೊತ್ತಿತ್ತು. ಆದರೆ ಅದು ಸಣ್ಣ ಮನಸ್ಸಿನ ತಪ್ಪು ಆಗಿರಲಿಲ್ಲ.

ಆಕೆ ಹೋಗುವುದಕ್ಕೆ ಕೆಲವು ವಾರಗಳ ಮುಂಚೆ ಮಗಳು ಮಗುವನ್ನು ಕರೆದುಕೊಂಡು ಬಂದಿದ್ದಳು. ಮಗು ಆಗತಾನೆ ನಡೆಯಲು ಕಲಿತಿತ್ತು. ಬೆಳಿಗ್ಗೆ ನಾನು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ಆಕೆ ನುಗ್ಗೆಮರದ ಆಚೆ, ತನ್ನ ಗೋಡೆಯ ಪಕ್ಕ, ಸೊಪ್ಪು ಬಿಡಿಸುತ್ತ ಕೂತಿದ್ದಳು. ಯಾರಿಗೋ ಏನೋ ಬೈದಳು, ಬಹುಶಃ ಕೋಳಿಗೆ. ಆ ದನಿ ಕೇಳಿದ್ದೇ ಮಗು ನಮ್ಮ ಬಾಗಿಲಿಂದ ಇಳಿದು ಆ ಕಡೆಗೆ ಹೊರಟಿತು. ನಾನು ನೋಡಿದಾಗ ಅರ್ಧ ದಾರಿ ದಾಟಿತ್ತು.

ಆಕೆ ಎದ್ದು ನಿಂತಳು. "ಏಯ್, ಬ್ಯಾಡ, ಬ್ಯಾಡ ಕಣ್ಲಾ, ಅಲ್ಲೇ ಇರು," ಎಂದು ಹಿಂದಕ್ಕೆ ಸರಿದಳು. ಆ ದನಿ ಮತ್ತೆ ಕೇಳಿದ್ದಕ್ಕೆ ಮಗು ನಕ್ಕು ಇನ್ನೂ ಬೇಗ ಹೋಯಿತು. ಆಕೆಯ ಬೆನ್ನು ಗೋಡೆಗೆ ತಾಗಿತು. ಮಗು ಎರಡೂ ಕೈಯಿಂದ ಆಕೆಯ ಮೊಣಕಾಲನ್ನು ಸೀರೆಸಹಿತ ಅಪ್ಪಿ, ಮುಖ ಮೇಲೆತ್ತಿತು.

ಆಕೆ ಎರಡೂ ಕೈ ಮೇಲಕ್ಕೆ ಎತ್ತಿದ್ದಳು. ಅವತ್ತು ಬಾಯಿಗೆ ಬಟ್ಟೆ ಇರಲಿಲ್ಲ. ಮುಖವನ್ನು ಪಕ್ಕಕ್ಕೆ ತಿರುಗಿಸಿ ತುಟಿ ಬಿಗಿದುಕೊಂಡಳು. ನಾನು ಮೆಲ್ಲಗೆ ನಡೆದೆ, ಆ ಅಪ್ಪುಗೆ ಇನ್ನೊಂದು ಗಳಿಗೆ ಇರಲಿ ಎಂದು. ಹತ್ತಿರ ಬಂದಾಗ ಕಂಡಿತು, ಆಕೆಯ ಎದೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ತುಂಬಿತ್ತು. ಆಕೆ ಉಸಿರು ಹಿಡಿದು ನಿಂತಿದ್ದಳು.

ನಾನು ಓಡಿದೆ.

ನಾನು ತಲುಪುವ ಮುಂಚೆ ಮಗು ವಾಲಿತು. ಆಕೆಯ ಕೈ ತಾನಾಗಿ ಇಳಿದು ಮಗುವಿನ ಬೆನ್ನಿನ ಮೇಲೆ ಬಿತ್ತು, ಐದೂ ಬೆರಳು ಅಗಲಿಸಿ, ಕತ್ತಿನ ಬುಡದಿಂದ ಸೊಂಟದವರೆಗೆ ಒಂದು ಸಲ ಸವರಿತು. ಉಸಿರು ಬಿಟ್ಟಿರಲಿಲ್ಲ. ನಾನು ಮಗುವನ್ನು ಎತ್ತಿಕೊಂಡು ಹಿಂದೆ ಹಿಂದೆ ಬಂದು, ನುಗ್ಗೆಮರ ದಾಟಿದ ಮೇಲೆಯೇ ಆಕೆ ಬಾಯಿ ತೆರೆದು, ಗೋಡೆ ಹಿಡಿದು, ತುಂಬ ಹೊತ್ತು ಏದುಸಿರು ಬಿಟ್ಟಳು. ಆಮೇಲೆ ಕಣ್ಣು ಒರೆಸಿಕೊಂಡು, ತನ್ನ ಅಂಗೈಯನ್ನು ನೋಡುತ್ತ ಹೇಳಿದಳು.

"ಬೆನ್ನು ಗಟ್ಟಿ ಬಂದದೆ ಮೇಷ್ಟ್ರಮ್ಮ. ಚೆನ್ನಾಗ್ ಆಕಿದೀರಿ ನೀರ."